ಕಡಿಮೆ ಬಜೆಟ್ಟಲ್ಲಿ ಟೂರಿಂಗ್ ಬೈಕ್ ಆರಿಸೋದು ಹೇಗೆ: ಕೊಡಗಿನವರು ಮೊದಲು ತೂಕ ನೋಡಿ, ಸಿಸಿ ಆಮೇಲೆ

ಟೂರಿಂಗ್ ಬೈಕ್ ಅಂದ ತಕ್ಷಣ ಎಲ್ಲರೂ ಕೇಳೋದು ಎಷ್ಟು ಸಿಸಿ, ಟಾಪ್ ಸ್ಪೀಡ್ ಎಷ್ಟು ಅಂತ. ಕೊಡಗಲ್ಲಿ ಇದ್ಕೊಂಡು ವಯನಾಡು, ಕಣ್ಣೂರು, ಸಕಲೇಶಪುರ, ಚಿಕ್ಕಮಗಳೂರು ಕಡೆ ಸುತ್ತೋ ಆಸೆ ಇರೋರು ಈ ಎರಡೂ ಪ್ರಶ್ನೆ ಪಕ್ಕಕ್ಕಿಟ್ಟು ಮೊದಲು ಗಾಡಿ ತೂಕ ಎಷ್ಟು ಅಂತ ಕೇಳಿ. ಯಾಕಂದ್ರೆ ನಮ್ಮ ಟೂರು ಹೈವೇಲಿ ಶುರು ಆಗಲ್ಲ, ಮನೆ ಅಂಗಳದಲ್ಲಿ ಶುರು ಆಗುತ್ತೆ, ಅಲ್ಲಿಂದ ಮೇನ್ ರೋಡಿಗೆ ಬರೋ ತನಕ ತೋಟದ ದಾರಿ, ಅದೂ ಏರು, ಮಳೆಗಾಲದಲ್ಲಿ ಪಾಚಿ ಕಟ್ಟಿರುತ್ತೆ, ಬೇಸಿಗೇಲಿ ಜಲ್ಲಿ ಎದ್ದಿರುತ್ತೆ, ಸಿಲ್ವರ್ ಮರದ ಎಲೆ ಬಿದ್ದಿದ್ರಂತೂ ಅದರಡಿ ಕಲ್ಲಿದೆಯಾ ಗುಂಡಿ ಇದೆಯಾ ಗೊತ್ತೇ ಆಗಲ್ಲ. ಅಲ್ಲಿ ಗಾಡಿ ವಾಲಿದ್ರೆ ಹಿಡ್ಕೊಳ್ಳೋದು ನಿಮ್ಮ ಕಾಲು, ಇಂಜಿನ್ ಅಲ್ಲ.

ಇನ್ನು ಹೈವೇ ವಿಷಯಕ್ಕೆ ಬಂದ್ರೆ, ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶನೇ ಇಲ್ಲ, ಸರ್ವೀಸ್ ರೋಡಲ್ಲೇ ಹೋಗ್ಬೇಕು. ಮಡಿಕೇರಿಯಿಂದ ಸಂಪಾಜೆ ಇಳಿಯೋವಾಗ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿಯೋವಾಗ, ಭಾಗಮಂಡಲದಿಂದ ಕರಿಕೆ ಕಡೆ ಹೋಗೋವಾಗ ಗಂಟೆಗೆ 40ರ ಮೇಲೆ ಸರಾಸರಿ ಬಂದ್ರೆ ಅದೇ ಜಾಸ್ತಿ. ಹಾಗಿರೋವಾಗ 150ರಲ್ಲಿ ಓಡೋ ಇಂಜಿನ್‌ಗೆ ದುಡ್ಡು ಹಾಕಿ, ಹೆಲ್ಮೆಟ್ಟು ಟಯರು ಮಳೆ ಕೋಟಿಗೆ ದುಡ್ಡಿಲ್ಲ ಅಂತ ಕೂರೋದು ನನಗಂತೂ ಸರಿ ಕಾಣಲ್ಲ.

ತೂಕ ಅಂದ್ರೆ ಯಾವ ತೂಕ? ಬ್ರೋಷರಲ್ಲಿ ಡ್ರೈ ವೇಟ್ ಅಂತ ಇದ್ರೆ ಅದನ್ನ ನಂಬಿ ಕೂರ್ಬೇಡಿ, ಕರ್ಬ್ ವೇಟ್ ನೋಡಿ, ಅಂದ್ರೆ ಆಯಿಲ್ಲು ಬ್ಯಾಟರಿ ಪೆಟ್ರೋಲು ಎಲ್ಲಾ ಸೇರಿದ್ದು. ಒಂದು ಲೀಟರ್ ಪೆಟ್ರೋಲು ಸುಮಾರು ಮುಕ್ಕಾಲು ಕೆಜಿ ತೂಗುತ್ತೆ, 17 ಲೀಟರ್ ಟ್ಯಾಂಕ್ ಫುಲ್ ಮಾಡಿದ್ರೆ ಹತ್ತಿರ ಹತ್ತಿರ 13 ಕೆಜಿ ನಿಮ್ಮ ಎದೆಗೆ ಹತ್ರದಲ್ಲಿ, ಮೇಲ್ಗಡೆ ಕೂತಿರುತ್ತೆ. ತೂಕ ಮೇಲೆ ಇದ್ದಷ್ಟೂ ಗಾಡಿ ನಿಧಾನ ಸ್ಪೀಡಲ್ಲಿ ವಾಲೋದು ಜಾಸ್ತಿ. ಅದಕ್ಕೇ ಒಂದೇ ತೂಕದ ಎರಡು ಬೈಕ್ ಕೈಯಲ್ಲಿ ಬೇರೆ ಬೇರೆ ಥರ ಅನ್ಸುತ್ತೆ, ಇಂಜಿನ್ ಕೆಳಗೆ ಕೂತು ಸೀಟ್ ತಗ್ಗಿರೋದು ಹಗುರ ಅನ್ಸುತ್ತೆ, ಎತ್ತರದ್ದು ಭಾರ ಅನ್ಸುತ್ತೆ. ಪೇಪರಲ್ಲಿ ನಂಬರ್ ನೋಡಿ, ಆದ್ರೆ ತೀರ್ಮಾನ ಕೈಯಲ್ಲಿ ಹಿಡಿದ ಮೇಲೆ ಮಾಡಿ.

ಹೇಗೆ ಪರೀಕ್ಷೆ ಮಾಡೋದು ಅಂದ್ರೆ, ಶೋರೂಮಿನ ಟೈಲ್ಸ್ ಮೇಲೆ ಕೂತು ಎರಡೂ ಕಾಲು ಮುಟ್ಟುತ್ತೆ ಅಂತ ಖುಷಿ ಪಡ್ಬೇಡಿ, ಗಾಡಿನ ಹೊರಗೆ ತರ್ಸಿ, ಸ್ವಲ್ಪ ಇಳಿಜಾರು ಇರೋ ಕಡೆ ಮೂತಿ ಕೆಳಗೆ ಮಾಡಿ ನಿಲ್ಸಿ, ಇಂಜಿನ್ ಆಫ್ ಮಾಡಿ, ಮೇಲೆ ಕೂತ್ಕೊಂಡೇ ಕಾಲಲ್ಲಿ ಹಿಂದಕ್ಕೆ ತಳ್ಳಿ ನೋಡಿ. ಆಗಲಿಲ್ಲ ಅಂದ್ರೆ ಇಳಿದು ಪಕ್ಕದಲ್ಲಿ ನಿಂತು ಹಿಂದಕ್ಕೆ ಎಳೀರಿ. ಅದೂ ಕಷ್ಟ ಆದ್ರೆ ಆ ಗಾಡಿ ನಿಮಗಲ್ಲ, ಎಷ್ಟೇ ಚೆನ್ನಾಗಿರಲಿ. ನಮ್ಮೂರಲ್ಲಿ ಸಮತಟ್ಟು ಪಾರ್ಕಿಂಗ್ ಸಿಗೋದೇ ಕಡಿಮೆ, ಹೋಂಸ್ಟೇ ಅಂಗಳ ಇರಲಿ, ಮಡಿಕೇರಿ ಮಾರ್ಕೆಟ್ ಇರಲಿ, ದಿನಾ ಇದೇ ಕೆಲಸ.

ಇನ್ನೊಂದು ವಿಷಯ, ಇದು ಬೇರೆ ಊರಿನ ರಿವ್ಯೂಗಳಲ್ಲಿ ಬರಲ್ಲ. ಸಿದ್ದಾಪುರ, ಮಾಲ್ದಾರೆ, ತಿತಿಮತಿ, ಆನೆಚೌಕೂರು ಕಡೆ ಹೋಗೋರಿಗೆ ಗೊತ್ತು, ತಿರುವಲ್ಲಿ ಆನೆ ನಿಂತಿದ್ರೆ ಮಾಡೋಕಿರೋದು ಒಂದೇ, ಹಿಂದಕ್ಕೆ ತಿರುಗಿ ಹೋಗೋದು. ಸಣ್ಣ ರೋಡಲ್ಲಿ ಕಾಲು ಕೊಡದೆ ಒಂದೇ ಸಲಕ್ಕೆ ಯೂಟರ್ನ್ ಬರ್ಬೇಕು. ಟೆಸ್ಟ್ ರೈಡಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿ ಸಣ್ಣ ರೋಡಲ್ಲೇ ಎಡಕ್ಕೊಂದು ಬಲಕ್ಕೊಂದು ಯೂಟರ್ನ್ ಮಾಡಿ ನೋಡಿ. ಉದ್ದ ಗಾಡಿ, ಹ್ಯಾಂಡಲ್ ಕಮ್ಮಿ ತಿರುಗೋ ಗಾಡಿ ಮೂರು ಸಲ ಹಿಂದೆ ಮುಂದೆ ಮಾಡ್ಬೇಕಾಗುತ್ತೆ, ಆನೆ ಮುಂದೆ ಅಷ್ಟು ಟೈಮ್ ಇರಲ್ಲ.

ಸೀಟ್ ಎತ್ತರ

ಸೀಟ್ ಎತ್ತರ ಮಿಲಿಮೀಟರಲ್ಲಿ ಕೊಟ್ಟಿರ್ತಾರೆ. ರಾಯಲ್ ಎನ್‌ಫೀಲ್ಡ್ ಹಂಟರ್ 350ದು 790, ಮೀಟಿಯೋರ್ 765, ಹಳೇ ಹಿಮಾಲಯನ್ 411ದು 800, ಹೀರೋ ಎಕ್ಸ್‌ಪಲ್ಸ್ 200ದು 825, ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ 835, 2020ರಲ್ಲಿ ಬಂದ ಕೆಟಿಎಂ 390 ಅಡ್ವೆಂಚರ್ 855. ಐದೂವರೆ ಅಡಿ ಒಳಗಿರೋರು 830 ದಾಟಿದ್ರೆ ಹೆದ್ರಬೇಕು ಅಂತಿಲ್ಲ, ಹಗುರ ಗಾಡಿ ಆದ್ರೆ ಒಂದು ಕಾಲು ಪೂರ್ತಿ ಊರಿದ್ರೂ ಸಾಕು, ಸೀಟ್ ಮುಂಭಾಗ ಸಣ್ಣ ಇದ್ರೆ ಇನ್ನೂ ಸುಲಭ. ಭಾರದ ಗಾಡೀಲಿ ಮಾತ್ರ ಆ ರಿಸ್ಕ್ ಬೇಡ. ನಮ್ಮಲ್ಲಿ ಹೆಣ್ಮಕ್ಕಳೂ ತುಂಬಾ ಜನ ದೂರ ರೈಡ್ ಹೋಗ್ತಾರೆ, ಅವರಿಗೆ ಶೋರೂಮಲ್ಲಿ ಹೈಟ್ ಸಾಲಲ್ಲ ಮೇಡಂ, ಸ್ಕೂಟರ್ ನೋಡಿ ಅಂತ ಹೇಳಿ ಕಳಿಸೋದು ನೋಡಿದೀನಿ, ಅದು ತಪ್ಪು, ಎಕ್ಸ್‌ಪಲ್ಸ್ ಥರದ 160 ಕೆಜಿ ಒಳಗಿನ ಗಾಡಿನ ಒಂದು ಕಾಲಲ್ಲಿ ಆರಾಮಾಗಿ ಹಿಡ್ಕೊಳ್ಳಬಹುದು. ಆದ್ರೆ ಸೀಟ್ ತಗ್ಗಿಸೋಕೆ ಅಂತ ಸಸ್ಪೆನ್ಷನ್ ಲಿಂಕ್ ಬದಲಾಯಿಸೋಕೆ ಹೋಗ್ಬೇಡಿ, ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿ ತಳಕ್ಕೂ ಇರೋ ಅಂತರ) ಹೋಗುತ್ತೆ, ಸೈಡ್ ಸ್ಟ್ಯಾಂಡ್ ಲೆಕ್ಕ ತಪ್ಪುತ್ತೆ. ಸೀಟಿನ ಫೋಮ್ ಸ್ವಲ್ಪ ಕೆತ್ತಿಸಿದ್ರೆ ಸಾಕು, ಕುಶಾಲನಗರ ಮೈಸೂರಲ್ಲಿ ಸೀಟ್ ಹೊಲಿಯೋರ ಹತ್ರ ಕಡಿಮೆ ಖರ್ಚಲ್ಲಿ ಆಗುತ್ತೆ.

ಇಂಜಿನ್

ಪವರ್ ನಂಬರ್ ಬಿಟ್ಟು ಟಾರ್ಕ್ (ಎಳೆಯೋ ಬಲ) ಎಷ್ಟು, ಅದು ಎಷ್ಟು ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತೆ ಅನ್ನೋ ಲೆಕ್ಕ) ಬರುತ್ತೆ ಅಂತ ನೋಡಿ. ರಾಯಲ್ ಎನ್‌ಫೀಲ್ಡ್ 350 ಇಂಜಿನ್ 20 ಬಿಎಚ್‌ಪಿ ಅಷ್ಟೇ, ಆದ್ರೆ 27 ನ್ಯೂಟನ್ ಮೀಟರ್ ಟಾರ್ಕು 4000 ಆರ್‌ಪಿಎಂಗೇ ಬಂದುಬಿಡುತ್ತೆ, ಹೇರ್‌ಪಿನ್ನಲ್ಲಿ ಹಿಂದೆ ಒಬ್ಬರು ಕೂತಿದ್ರೂ ಸೆಕೆಂಡ್ ಗೇರಲ್ಲಿ ಹತ್ಕೊಂಡು ಹೋಗುತ್ತೆ. ವಿ-ಸ್ಟ್ರಾಮ್ ಎಸ್‌ಎಕ್ಸ್ 26 ಪಿಎಸ್ (ಇದೂ ಬಿಎಚ್‌ಪಿ ಥರದ್ದೇ ಪವರ್ ಅಳತೆ) ದಾಟುತ್ತೆ, 22 ನ್ಯೂಟನ್ ಮೀಟರ್, ಆದ್ರೆ ಅದು ಸಿಗೋದು 7000 ದಾಟಿದ ಮೇಲೆ, ಆದ್ದರಿಂದ ಒಂದು ಗೇರ್ ಕಡಿಮೆ ಮಾಡ್ಕೊಂಡು ಓಡಿಸ್ಬೇಕು. ಎರಡರಲ್ಲಿ ಇದೇ ಸರಿ ಅಂತ ಹೇಳಲ್ಲ, ಗೇರ್ ಬದಲಾಯಿಸೋದು ಇಷ್ಟ ಇರೋರಿಗೆ ಎರಡನೇದು ಚಂದ. ಜೊತೇಲಿ ಯಾವಾಗ್ಲೂ ಒಬ್ಬರು ಬರ್ತಾರೆ, ಲಗೇಜೂ ಇರುತ್ತೆ ಅಂದ್ರೆ ಕೆಳಗಿನ ಆರ್‌ಪಿಎಂ ಟಾರ್ಕ್ ಇರೋದೇ ತಗೊಳ್ಳಿ. ಇಳಿಯೋವಾಗ ಇಂಜಿನ್ ಬ್ರೇಕಿಂಗ್ ಕೂಡ ಮುಖ್ಯ, ಸಂಪಾಜೆ ಇಳೀವಾಗ ಹಿಂದಿನ ಬ್ರೇಕ್ ಒತ್ಕೊಂಡೇ ಹೋದ್ರೆ ಕೆಳಗೆ ಮುಟ್ಟೋ ಹೊತ್ತಿಗೆ ಡಿಸ್ಕ್ ಕಾದು ಬ್ರೇಕ್ ಹಿಡಿಯೋದು ಕಮ್ಮಿ ಆಗಿರುತ್ತೆ, ಎರಡನೇ ಗೇರಲ್ಲಿ ಗಾಡಿ ತಾನೇ ತಡ್ಕೊಂಡು ಇಳೀಬೇಕು, ಟೆಸ್ಟ್ ರೈಡಲ್ಲಿ ಇದನ್ನೂ ನೋಡಿ.

ಯಾವ ಗಾಡಿ

ಈಗ ಹೆಸರು ಹೇಳೋಣ. ನನ್ನ ಮಟ್ಟಿಗೆ ಕಡಿಮೆ ಬಜೆಟ್ಟಿಗೆ ಮೊದಲ ಹೆಸರು ಎಕ್ಸ್‌ಪಲ್ಸ್ 200 ಫೋರ್‌ವಾಲ್ವ್. 160 ಕೆಜಿ ಒಳಗೆ, 220 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್, ಮುಂದೆ 21 ಇಂಚಿನ ವ್ಹೀಲು, 13 ಲೀಟರ್ ಟ್ಯಾಂಕು. ತೋಟದ ದಾರಿ, ಮಳೆ ಕೊಚ್ಚಿದ ರೋಡು, ಇದಕ್ಕೆಲ್ಲಾ ಹೇಳಿ ಮಾಡ್ಸಿದ್ದು. ಕೊರತೆ ಅಂದ್ರೆ 19 ಪಿಎಸ್, ದೊಡ್ಡ ಹೈವೇಲಿ 90ರ ಮೇಲೆ ಹೋದ್ರೆ ಇಂಜಿನ್ ಒದ್ದಾಡುತ್ತೆ, ಎಬಿಎಸ್ (ಬ್ರೇಕ್ ಒತ್ತಿದಾಗ ವ್ಹೀಲ್ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು) ಸಿಂಗಲ್ ಚಾನೆಲ್, ಅಂದ್ರೆ ಮುಂದಿನ ವ್ಹೀಲಿಗೆ ಮಾತ್ರ. 2025ರಲ್ಲಿ ಬಂದ ಎಕ್ಸ್‌ಪಲ್ಸ್ 210ರಲ್ಲಿ ಲಿಕ್ವಿಡ್ ಕೂಲಿಂಗ್, ಡ್ಯುಯಲ್ ಚಾನೆಲ್ ಎಬಿಎಸ್ ಇದೆ, ಪವರು 24 ಪಿಎಸ್ ದಾಟಿದೆ, ತೂಕ 170 ಆಸುಪಾಸು, ಬಜೆಟ್ ಸ್ವಲ್ಪ ಹಿಗ್ಗಿಸೋಕೆ ಆದ್ರೆ ಅದನ್ನೇ ನೋಡಿ.

ಮೈಸೂರು, ಬೆಂಗಳೂರು, ಗೋವಾ ಅಂತ ಟಾರ್ ರೋಡಲ್ಲೇ ಜಾಸ್ತಿ ಹೋಗೋರಿಗೆ ವಿ-ಸ್ಟ್ರಾಮ್ ಎಸ್‌ಎಕ್ಸ್. 167 ಕೆಜಿ, ಅಲಾಯ್ ವ್ಹೀಲು, ಟ್ಯೂಬ್‌ಲೆಸ್ಸು, ಮುಂದೆ 19 ಇಂಚು. ಕೂರೋ ಭಂಗಿ ಆರಾಮು, ಹಿಂದೆ ಕೂರೋರಿಗೂ ಜಾಗ ಇದೆ. ಟ್ಯಾಂಕ್ 12 ಲೀಟರ್ ಅಷ್ಟೇ.

ಹಳೇ ಹಿಮಾಲಯನ್ 411 ಮೇಲೆ ನಮ್ಮಲ್ಲಿ ತುಂಬಾ ಪ್ರೀತಿ, ಅದಕ್ಕೆ ಕಾರಣನೂ ಇದೆ, 32 ನ್ಯೂಟನ್ ಮೀಟರ್ ಟಾರ್ಕು, 15 ಲೀಟರ್ ಟ್ಯಾಂಕು, ಎಂಥ ರೋಡಲ್ಲೂ ಕೂತಲ್ಲೇ ಕೂತಿರ್ತೀವಿ. ಆದ್ರೆ 199 ಕೆಜಿ. ಲಗೇಜ್ ಹಾಕಿ ಕರಿಕೆ ರೋಡಲ್ಲಿ ಮಳೆಗೆ ಒಬ್ಬರೇ ಬಿದ್ದು ಎತ್ತೋದನ್ನ ಯೋಚನೆ ಮಾಡಿ ತಗೊಳ್ಳಿ. ಹೊಸ 450 ತೂಕ 196, ಪವರು 40, ಗಾಡಿ ನಿಜಕ್ಕೂ ಬೇರೆ ಮಟ್ಟದ್ದು, ಆದ್ರೆ ಬಜೆಟ್ ಅಂತ ಹೊರಟೋರಿಗೆ ಅದು ದೂರ. ಹಂಟರ್ 350, ಹೋಂಡಾ ಹೈನೆಸ್ ಎರಡೂ 181 ಕೆಜಿ, ಟಾರ್ ರೋಡಿಗೆ ಸಾಕು, ಮಣ್ಣಿನ ರೋಡಿಗೆ ಕ್ಲಿಯರೆನ್ಸ್ ಕಮ್ಮಿ. ಡಾಮಿನಾರ್ 400 ದುಡ್ಡಿಗೆ ತಕ್ಕ ಪವರ್ ಕೊಡುತ್ತೆ, ಆದ್ರೆ 193 ಕೆಜಿ, ಉದ್ದನೂ ಜಾಸ್ತಿ. ಟ್ರಯಂಫ್ ಸ್ಪೀಡ್ 400 ಹಗುರ, 40 ಪಿಎಸ್, ಓಡಿಸೋಕೆ ಖುಷಿ, ಆದ್ರೆ ಮುಂದೆ ಗಾಳಿ ತಡೆಯೋ ಸ್ಕ್ರೀನ್ ಇಲ್ಲ, ಗಾಳಿ ಎದೆಗೇ.

ಇದ್ರಲ್ಲಿ ಏನೇ ತಗೊಂಡ್ರೂ ಸರ್ವೀಸ್ ಎಲ್ಲಿ ಮಾಡಿಸ್ತೀರಿ ಅಂತ ಮೊದಲೇ ಕೇಳ್ಕೊಳ್ಳಿ. ಪ್ರತೀ ಸರ್ವೀಸಿಗೂ ಮೈಸೂರಿಗೆ ಹೋಗ್ಬೇಕಾದ್ರೆ ಒಂದು ದಿನ, ಪೆಟ್ರೋಲು, ಊಟ ಅಂತ ಗಾಡಿ ರೇಟಿನ ಮೇಲೆ ಇನ್ನೊಂದು ರೇಟ್ ಸೇರ್ಕೊಳ್ಳುತ್ತೆ. ಕ್ಲಚ್ ಕೇಬಲ್ಲು, ಬ್ರೇಕ್ ಪ್ಯಾಡು, ಲಿವರು, ಇಷ್ಟು ಸ್ಪೇರ್ ಗೋಣಿಕೊಪ್ಪ, ಕುಶಾಲನಗರ, ಮಡಿಕೇರಿ ಅಂಗಡೀಲಿ ಸಿಗುತ್ತಾ ಅಂತ ಗಾಡಿ ಬುಕ್ ಮಾಡೋ ಮೊದಲೇ ವಿಚಾರಿಸಿ.

ದುಡ್ಡಿನ ಲೆಕ್ಕ

ಎಕ್ಸ್ ಶೋರೂಮ್ ರೇಟ್ ನೋಡಿ ಬಜೆಟ್ ಮಾಡ್ಬೇಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು, 350 ದಾಟಿದ್ದಕ್ಕೆ 40 ಆಯ್ತು. ಅಂದ್ರೆ ಹಗುರ ಮಧ್ಯಮ ಗಾಡಿ ಹುಡುಕೋರಿಗೆ ಒಳ್ಳೇ ಟೈಮ್ ಇದು, 200, 250, 350 ಎಲ್ಲಾ ಆ ಗೆರೆ ಒಳಗೇ ಬರುತ್ತೆ. ಇದರ ಮೇಲೆ ರಾಜ್ಯದ ಲೈಫ್ ಟ್ಯಾಕ್ಸು, ಹೊಸ ಗಾಡಿಗೆ 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ, ಅದರಲ್ಲೂ 350 ಸಿಸಿ ದಾಟಿದ್ರೆ ಪ್ರೀಮಿಯಂ ಹತ್ತಿರ ಹತ್ತಿರ ಡಬಲ್. ಆದ್ದರಿಂದ ಆನ್ ರೋಡ್ ರೇಟ್ ಬರೆಸ್ಕೊಳ್ಳಿ, ಹ್ಯಾಂಡ್ಲಿಂಗ್ ಚಾರ್ಜು, ಬೇಡದ ಆಕ್ಸೆಸರಿ ಪ್ಯಾಕೇಜು ಸೇರ್ಸಿದ್ರೆ ತೆಗೆಸಿ. ಇನ್ಶೂರೆನ್ಸ್ ಶೋರೂಮಲ್ಲೇ ಮಾಡಿಸ್ಬೇಕು ಅಂತ ಕಾನೂನಿಲ್ಲ.

ಕೈಯಲ್ಲಿರೋ ದುಡ್ಡಲ್ಲಿ ಐದನೇ ಒಂದು ಭಾಗ ಗಾಡಿ ಬಿಟ್ಟು ಉಳಿದಿದ್ದಕ್ಕೆ ಅಂತ ಮೊದಲೇ ಎತ್ತಿಡಿ. ಒಳ್ಳೇ ಹೆಲ್ಮೆಟ್ಟು, ಅದಕ್ಕೆ ಮಂಜು ಹಿಡೀದೇ ಇರೋ ಪಿನ್‌ಲಾಕ್ ಥರದ್ದು ಇದ್ರೆ ಇನ್ನೂ ಒಳ್ಳೇದು, ಮಡಿಕೇರಿ ಮಂಜಲ್ಲಿ ವೈಸರ್ ಮೇಲೆತ್ತಿ ಓಡಿಸೋದು ಎಷ್ಟು ಕಷ್ಟ ಅಂತ ಎಲ್ರಿಗೂ ಗೊತ್ತು. ಜಾಕೆಟ್ ಒಳಗಿನ ರೈನ್ ಲೈನರ್ ನಮ್ಮ ಮಳೆಗೆ ಸಾಲಲ್ಲ, ಹೊರಗಿನ ಜಾಕೆಟ್ ಪೂರ್ತಿ ನೆಂದು ಭಾರ ಆಗಿ ಚಳಿ ಹಿಡಿಯುತ್ತೆ, ಮೇಲೆ ಹಾಕ್ಕೊಳ್ಳೋ ಎರಡು ಪೀಸ್ ರೈನ್ ಸೂಟೇ ತಗೊಳ್ಳಿ.

ಟಯರು, ಬ್ರೇಕು

ಸ್ಪೋಕ್ ವ್ಹೀಲ್ ಕಲ್ಲು ಗುಂಡಿಗೆ ಗಟ್ಟಿ, ಆದ್ರೆ ಸಾಮಾನ್ಯವಾಗಿ ಟ್ಯೂಬ್ ಇರುತ್ತೆ, ಕುಟ್ಟದಿಂದ ತೋಲ್ಪೆಟ್ಟಿ ಕಡೆ ಕಾಡಿನ ಮಧ್ಯ ಪಂಚರ್ ಆದ್ರೆ ಟ್ಯೂಬ್ ಬಿಚ್ಚೋದು ಸಣ್ಣ ಕೆಲಸ ಅಲ್ಲ, ಅದೂ ಕಾಡಿನ ರೋಡಲ್ಲಿ ಸಂಜೆ ಮೇಲೆ ನಿಲ್ಲೋ ಹಾಗೇ ಇಲ್ಲ. ಟ್ಯೂಬ್‌ಲೆಸ್ ಆದ್ರೆ ಪಂಚರ್ ಕಿಟ್ಟು, ಸಣ್ಣ ಪಂಪು ಇದ್ರೆ ಹತ್ತು ನಿಮಿಷದ ಕೆಲಸ. ಟ್ಯೂಬ್ ಗಾಡಿ ತಗೊಂಡ್ರೆ ಮುಂದಿನ ವ್ಹೀಲಿನ ಸೈಜಿನ ಟ್ಯೂಬ್ ಒಂದು ಇಟ್ಕೊಳ್ಳಿ, 21 ಇಂಚಿಂದು ತುರ್ತಿಗೆ ಹಿಂದಿನ ವ್ಹೀಲಿಗೂ ಹಾಕಿ ನಿಧಾನ ಗ್ಯಾರೇಜ್ ತನಕ ಬರಬಹುದು. ಒಂದು ಸಲ ಮನೆ ಅಂಗಳದಲ್ಲೇ ವ್ಹೀಲ್ ಬಿಚ್ಚಿ ಹಾಕೋದು ಕಲ್ತ್ಕೊಳ್ಳಿ. ದಪ್ಪ ಬಟನ್ ಟಯರು ನೋಡೋಕೆ ಚಂದ, ನೆಂದ ಟಾರಲ್ಲಿ ಅದು ಜಾರುತ್ತೆ, ನಮ್ಮಲ್ಲಿ ವರ್ಷದಲ್ಲಿ ನಾಲ್ಕೈದು ತಿಂಗಳು ರೋಡ್ ನೆಂದೇ ಇರುತ್ತೆ, ಆದ್ದರಿಂದ ಮಣ್ಣು ಟಾರು ಎರಡಕ್ಕೂ ಆಗೋ ಡ್ಯುಯಲ್ ಪರ್ಪಸ್ ಟಯರೇ ಸಾಕು. ಎಬಿಎಸ್ ಡ್ಯುಯಲ್ ಸಿಕ್ಕಿದ್ರೆ ಬಿಡ್ಬೇಡಿ.

ಸೆಕೆಂಡ್ ಹ್ಯಾಂಡ್

ಬಜೆಟ್ ಒಂದೂವರೆ ಲಕ್ಷದ ಒಳಗಿದ್ರೆ ಸೆಕೆಂಡ್ ಹ್ಯಾಂಡೇ ಜಾಣತನ, ಆದ್ರೆ ನೋಡಿ ತಗೋಬೇಕು. ನೋಡೋಕೆ ಹೋಗೋ ಮೊದಲೇ ಮಾರೋರಿಗೆ ಫೋನಲ್ಲಿ ಹೇಳಿ, ಇಂಜಿನ್ ಸ್ಟಾರ್ಟ್ ಮಾಡಿ ಇಡ್ಬೇಡಿ ಅಂತ. ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡಿ, ತಣ್ಣಗಿರ್ಬೇಕು, ತಣ್ಣಗಿರೋವಾಗ ಹೇಗೆ ಸ್ಟಾರ್ಟ್ ಆಗುತ್ತೆ, ಹೊಗೆ ಬರುತ್ತಾ, ಟಪ್ಪೆಟ್ (ವಾಲ್ವ್ ಕಡೆಯ) ಸದ್ದು ಎಷ್ಟು ಅಂತ ಆಗಲೇ ಗೊತ್ತಾಗೋದು. ಹ್ಯಾಂಡಲ್ ನಿಧಾನ ಎಡಕ್ಕೆ ಬಲಕ್ಕೆ ತಿರುಗಿಸಿ, ಮಧ್ಯದಲ್ಲಿ ಒಂದು ಕಡೆ ಹಿಡಿದಂಗೆ ಆದ್ರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್) ಹೋಗಿದೆ. ಮುಂದಿನ ಫೋರ್ಕಲ್ಲಿ ಆಯಿಲ್ ಒಸರಿದ ಗುರುತು, ಚೈನ್ ಸ್ಪ್ರಾಕೆಟ್ ಹಲ್ಲು ಚೂಪಾಗಿದೆಯಾ, ಡಿಸ್ಕ್ ಮೇಲೆ ಮಿನಿಮಮ್ ದಪ್ಪ ಬರೆದಿರುತ್ತೆ ಅದಕ್ಕಿಂತ ತೆಳ್ಳಗಾಗಿದೆಯಾ ನೋಡಿ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೇ ಎರಡು ವರ್ಷ, ಟಯರ್ ಬಟನ್ ಸವೀದೇ ಇದ್ರೂ ವಯಸ್ಸಾಗಿದ್ರೆ ಬದಲಾಯಿಸೋ ಖರ್ಚು ರೇಟಲ್ಲಿ ಕಡಿಮೆ ಮಾಡ್ಸಿ.

ನಮ್ಮ ಜಿಲ್ಲೆ ಗಾಡಿಗಳಲ್ಲಿ ವಿಶೇಷವಾಗಿ ತುಕ್ಕು ನೋಡಿ. ಕಿಲೋಮೀಟರ್ ಕಡಿಮೆ ಓಡಿದ್ರೂ ಶೆಡ್ಡಲ್ಲಿ ತೇವದಲ್ಲಿ ನಿಂತ ಗಾಡಿ ಸ್ಪೋಕು, ಸೈಲೆನ್ಸರ್ ಬುಡ, ಟ್ಯಾಂಕ್ ಒಳಗೆ, ಸ್ವಿಚ್ಚು, ವೈರಿಂಗ್ ಕಪ್ಲರ್ ಎಲ್ಲಾ ಹಾಳಾಗಿರುತ್ತೆ. ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಗಾಡಿ ಕೆಳಗೆ ಬಗ್ಗಿ ಇಂಜಿನ್ ತಳ ಕಾಯೋ ಬ್ಯಾಷ್ ಪ್ಲೇಟು, ಚಾಸಿ ನೋಡಿ, ತೋಟದಲ್ಲಿ ಗೊಬ್ಬರದ ಚೀಲ ಹೊತ್ತು ಓಡಾಡಿದ್ದು ಹಿಂದಿನ ಕ್ಯಾರಿಯರ್ ವೆಲ್ಡಿಂಗ್ ನೋಡಿದ್ರೆ ಗೊತ್ತಾಗುತ್ತೆ. ಮಳೆಗಾಲದಲ್ಲೇ ನೋಡೋಕೆ ಹೋಗಿ, ಆಗ ಕೊಳ್ಳೋರು ಕಡಿಮೆ, ಮಾರೋರು ರೇಟಲ್ಲಿ ಸ್ವಲ್ಪ ಇಳೀತಾರೆ, ಬ್ರೇಕು ಟಯರು ನೆಂದ ರೋಡಲ್ಲಿ ಹೇಗಿದೆ ಅಂತಾನೂ ಕಾಣುತ್ತೆ.

ಗಡಿ ಆಚೆ ಕೇರಳದಲ್ಲಿ ರೇಟ್ ಕಡಿಮೆ ಕಂಡ್ರೆ ಆತುರ ಪಡ್ಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನೋ ಪತ್ರ) ತರಿಸಿ, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ, ಕೊಡಗಿನ ಕೆಎ 12 ನಂಬರ್ ಮಾಡಿಸೋ ಹೊತ್ತಿಗೆ ಉಳಿದ ದುಡ್ಡು ಕರಗಿರುತ್ತೆ. ಇಲ್ಲಿನ ಗಾಡಿ ಆದ್ರೂ ಆರ್‌ಸಿಲಿರೋ ಚಾಸಿ ನಂಬರ್ ಇಂಜಿನ್ ನಂಬರ್ ಗಾಡಿ ಮೇಲಿರೋದಕ್ಕೆ ಹೊಂದುತ್ತಾ, ಸಾಲ ಇದ್ರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಅರ್ಜಿ) ಇದೆಯಾ, ಚಲನ್ ಬಾಕಿ ಇದೆಯಾ ನೋಡಿ. ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸೈನ್ ಹಾಕ್ಸಿ, ಗುರುತಿನವರೇ ಆದ್ರೂ ಟ್ರಾನ್ಸ್‌ಫರ್ ಆಮೇಲೆ ಮಾಡ್ಸೋಣ ಬಿಡಿ ಅನ್ನೋ ಮಾತಿಗೆ ಒಪ್ಪಬೇಡಿ.

ಗಾಡಿ ಮನೆಗೆ ಬಂದ ಮೇಲೆ

ಲಗೇಜ್ ಆದಷ್ಟು ಕೆಳಗೆ, ಮುಂದಕ್ಕೆ ಕೂರ್ಬೇಕು. ಹಗುರ ಗಾಡಿ ತಗೊಂಡು ಹಿಂದೆ ಎತ್ತರದಲ್ಲಿ ದೊಡ್ಡ ಟಾಪ್ ಬಾಕ್ಸ್ ಹಾಕಿ ಅದರ ತುಂಬ ಸಾಮಾನು ತುಂಬಿದ್ರೆ ಉಳಿಸಿದ ತೂಕನ ವಾಪಸ್ ಕೊಟ್ಟಂಗೆ, ಅದೂ ಇರಬಾರದ ಜಾಗದಲ್ಲಿ. ಕಬ್ಬಿಣದ ಕ್ರ್ಯಾಶ್ ಗಾರ್ಡು, ಸ್ಟ್ಯಾಂಡು, ಬಾಕ್ಸು ಅಂತ ಹಾಕ್ತಾ ಹೋದ್ರೆ ಸುಲಭವಾಗಿ 20 ಕೆಜಿ ಏರುತ್ತೆ. ಎರಡು ಬಟ್ಟೆಯ ಸ್ಯಾಡಲ್ ಬ್ಯಾಗು, ಒಂದು ಟೈಲ್ ಬ್ಯಾಗು ಸಾಕು. ಟೂಲ್ಸ್, ನೀರು, ಭಾರದ್ದೆಲ್ಲಾ ಸ್ಯಾಡಲ್ ಬ್ಯಾಗಿನ ತಳಕ್ಕೆ.

ಬಿದ್ದ ಗಾಡಿ ಎತ್ತೋದನ್ನ ಹುಲ್ಲಿನ ಮೇಲೆ ಅಭ್ಯಾಸ ಮಾಡಿ, ಯಾರಾದ್ರೂ ಪಕ್ಕದಲ್ಲಿರಲಿ. ಇಂಜಿನ್ ಆಫ್, ಮೊದಲ ಗೇರಲ್ಲಿಡಿ, ಬಲಕ್ಕೆ ಬಿದ್ದಿದ್ರೆ ಸೈಡ್ ಸ್ಟ್ಯಾಂಡ್ ಮೊದಲೇ ಹಾಕಿಡಿ, ಸೀಟಿಗೆ ಬೆನ್ನು ಕೊಟ್ಟು ಕೂತು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಹಿಂದಿನ ಗ್ರ್ಯಾಬ್ ರೈಲ್ ಹಿಡಿದು ಕಾಲಿನ ಬಲದಲ್ಲಿ ಸಣ್ಣ ಹೆಜ್ಜೆ ಇಡ್ತಾ ಹಿಂದಕ್ಕೆ ಹೋಗಿ. ಸೊಂಟ ಬಗ್ಗಿಸಿ ಎತ್ತಬೇಡಿ. ಇಳಿಜಾರಲ್ಲಿ ವ್ಹೀಲು ಮೇಲ್ಗಡೆ ಆಗಿ ಬಿದ್ದಿದ್ರೆ ಮೊದಲು ಗಾಡಿನ ನೆಲದಲ್ಲೇ ತಿರುಗಿಸಿ ವ್ಹೀಲ್ ಕೆಳಗಡೆ ಬರೋ ಹಾಗೆ ಮಾಡ್ಕೊಳ್ಳಿ, ಎತ್ತೋದು ಅರ್ಧ ಸುಲಭ ಆಗುತ್ತೆ.

ಮೊದಲ ಸರ್ವೀಸ್ ಆದ ಮೇಲೆ, ದೂರದ ಟೂರಿಗೆ ಮುಂಚೆ, ಪೂರ್ತಿ ಲಗೇಜ್ ಹಾಕ್ಕೊಂಡು ಒಂದು ದಿನದ ಸುತ್ತು ಹಾಕಿ. ಮಡಿಕೇರಿಯಿಂದ ಭಾಗಮಂಡಲ, ಕರಿಕೆ, ಪಾಣತ್ತೂರು, ಅಲ್ಲಿಂದ ಸುಳ್ಯ, ಸಂಪಾಜೆ ಹತ್ತಿ ವಾಪಸ್ ಮಡಿಕೇರಿ. ಸಣ್ಣ ರೋಡು, ಹೇರ್‌ಪಿನ್ನು, ಘಟ್ಟದ ಕೆಳಗಿನ ಸೆಖೆ, ಹೈವೇ ಲಾರಿ ಎಲ್ಲಾ ಒಂದೇ ದಿನದಲ್ಲಿ ಸಿಗುತ್ತೆ. ಮಳೆ ಜೋರಿದ್ರೆ ಬೇಡ, ಸಂಪಾಜೆ ಕರಿಕೆ ಎರಡೂ ಕಡೆ ಮಣ್ಣು ಕುಸಿಯುತ್ತೆ, 2018ರ ಆಗಸ್ಟಿನ ಭೂಕುಸಿತ ನೆನಪಿರೋರಿಗೆ ಹೇಳ್ಬೇಕಾಗಿಲ್ಲ. ಸಂಜೆ ಮನೆಗೆ ಬಂದಾಗ ಮಣಿಕಟ್ಟು ನೋಯ್ತಿದ್ರೆ ಹ್ಯಾಂಡಲ್ ಮತ್ತೆ ಲಿವರ್ ಕೋನ ಬದಲಾಯಿಸಿ, ಕೂರೋ ಜಾಗ ನೋಯ್ತಿದ್ರೆ ಸೀಟ್ ಫೋಮ್ ನೋಡಿ, ಗುಂಡೀಲಿ ಹಿಂದುಗಡೆ ತಳ ಬಡಿದಿದ್ರೆ ಹಿಂದಿನ ಸಸ್ಪೆನ್ಷನ್ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಎರಡು ಹಂತ ಏರಿಸಿ, ಬ್ಯಾಗಿನ ಬೆಲ್ಟ್ ಸೈಲೆನ್ಸರಿಗೆ ಮುಟ್ಟಿ ಸುಟ್ಟಿದೆಯಾ ಅಂತ ಪರೀಕ್ಷೆ ಮಾಡಿ, ಆಮೇಲೆ ಎಲ್ಲಾ ಬೋಲ್ಟ್ ಒಂದು ಸಲ ಸ್ಪ್ಯಾನರ್ ಹಾಕಿ ಟೈಟ್ ಮಾಡಿ, ಚೈನಿಗೆ ಲೂಬ್ ಹಾಕಿ.